ಎಡೋವಾರ್ಡೊ ಬಸ್ಸೀನಿ

ಎಡೋವಾರ್ಡೊ ಬಸ್ಸೀನಿ (14 ಏಪ್ರಿಲ್ 1844 – 19 ಜುಲೈ 1924) ಇಟಲಿಯ ಶಸ್ತ್ರವೈದ್ಯರು ಮತ್ತು ಪಾದುವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ತೊಡೆಸಂದಿನ ಹರ್ನಿಯಾಕ್ಕೆ ದೇಹರಚನೆಯನ್ನು ಆಧರಿಸಿದ ಶಸ್ತ್ರಚಿಕಿತ್ಸಾ ವಿಧಾನವೊಂದನ್ನು ಅವರು 1884ರಲ್ಲಿ ರೂಪಿಸಿದರು. ಅದಕ್ಕೂ ಮೊದಲು ಹರ್ನಿಯಾದ ಶಸ್ತ್ರಚಿಕಿತ್ಸೆ ಮಾಡಿದ ಬಹುಪಾಲು ರೋಗಿಗಳಲ್ಲಿ ಕೆಲವೇ ವರ್ಷಗಳಲ್ಲಿ ಹರ್ನಿಯಾ ಮರುಕಳಿಸುತ್ತಿತ್ತು. ಬಸ್ಸೀನಿಯವರ ವಿಧಾನ ಆ ಪ್ರಮಾಣವನ್ನು ಶೇಕಡಾ 3ಕ್ಕಿಂತ ಕೆಳಗಿಳಿಸಿತು. ಈ ಕಾರಣದಿಂದ ಅವರನ್ನು ಆಧುನಿಕ ಹರ್ನಿಯಾ ಶಸ್ತ್ರಚಿಕಿತ್ಸೆಯ ಪಿತಾಮಹರೆಂದು ಪರಿಗಣಿಸಲಾಗುತ್ತದೆ. ಶಸ್ತ್ರಚಿಕಿತ್ಸೆಗೆ ಒಳಗಾದವರನ್ನು ವರ್ಷಗಳವರೆಗೆ ಹಿಂಬಾಲಿಸಿ, ಮರುಕಳಿಕೆಯನ್ನು ಎಣಿಸಿ, ಸೋಲುಗಳನ್ನೂ ಸೇರಿಸಿ ಪ್ರಕಟಿಸಿದ್ದು ಅವರ ಇನ್ನೊಂದು ಮುಖ್ಯ ಕೊಡುಗೆ. ಇಂದು ಹರ್ನಿಯಾದ ದುರಸ್ತಿಗೆ ಬಳಸುವ ವಿವಿಧ ಮೆಶ್‌ಗಳನ್ನು ಪರಸ್ಪರ ಹೋಲಿಸುವ ಕ್ರಮವೂ ಇದೇ ಬಗೆಯ ಎಣಿಕೆಯನ್ನು ಆಧರಿಸಿದೆ.

ಜನನ ಮತ್ತು ಶಿಕ್ಷಣ

ಬಸ್ಸೀನಿಯವರು ಉತ್ತರ ಇಟಲಿಯ ಪಾವಿಯಾ ನಗರದಲ್ಲಿ ಜನಿಸಿದರು. ಆಗ ಇಟಲಿ ಒಂದು ರಾಷ್ಟ್ರವಾಗಿರಲಿಲ್ಲ. ಪಾವಿಯಾವನ್ನು ಒಳಗೊಂಡ ಲೊಂಬಾರ್ಡಿ ಪ್ರಾಂತವು ಆಸ್ಟ್ರಿಯಾದ ಆಳ್ವಿಕೆಗೆ ಒಳಪಟ್ಟಿತ್ತು. ಇಟಲಿಯ ಏಕೀಕರಣದ ಹೋರಾಟದ ವಾತಾವರಣದಲ್ಲಿ ಬೆಳೆದ ಅವರು ಪಾವಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಧ್ಯಯನ ಮಾಡಿ, 1866ರಲ್ಲಿ ತಮ್ಮ 22ನೆಯ ವಯಸ್ಸಿನಲ್ಲಿ ಪದವಿ ಪಡೆದರು.

ವಿಲ್ಲಾ ಗ್ಲೋರಿಯ ಕಾಳಗ ಮತ್ತು ಗಾಯ

1867ರ ವೇಳೆಗೆ ಇಟಲಿಯ ಬಹುಭಾಗ ಒಂದಾಗಿದ್ದರೂ ರೋಮ್ ನಗರವು ಪೋಪರ ಆಡಳಿತದಲ್ಲಿಯೇ ಉಳಿದಿತ್ತು. ಗ್ಯಾರಿಬಾಲ್ಡಿಯ ಅನುಯಾಯಿಗಳಾದ ಎನ್ರಿಕೊ ಕೈರೋಲಿ ಮತ್ತು ಜೊವಾನ್ನಿ ಕೈರೋಲಿ ಸಹೋದರರು ಸುಮಾರು ಎಪ್ಪತ್ತು ಮಂದಿ ಸ್ವಯಂಸೇವಕರೊಡನೆ ರೋಮ್ ನಗರದ ಒಳಗಿನ ಬಂಡಾಯಕ್ಕೆ ನೆರವಾಗಲು ಹೊರಟರು. ಈ ಸಹೋದರರೂ ಪಾವಿಯಾದವರೇ. ಬಸ್ಸೀನಿಯವರು ವೈದ್ಯರಾಗಿದ್ದರೂ ಈ ತಂಡದಲ್ಲಿ ಹೋರಾಟಗಾರರಾಗಿಯೇ ಸೇರಿಕೊಂಡರು.

23 ಅಕ್ಟೋಬರ್ 1867ರಂದು ರೋಮ್ ನಗರದ ಹೊರವಲಯದ ವಿಲ್ಲಾ ಗ್ಲೋರಿ ಎಂಬಲ್ಲಿ ಈ ಸಣ್ಣ ತಂಡವು ಪೋಪರ ಸೈನ್ಯಕ್ಕೆ ಎದುರಾಯಿತು. ಎನ್ರಿಕೊ ಕೈರೋಲಿ ಅಲ್ಲಿಯೇ ಮಡಿದರು. ತೀವ್ರವಾಗಿ ಗಾಯಗೊಂಡ ಜೊವಾನ್ನಿ ಕೈರೋಲಿ 1869ರಲ್ಲಿ ತೀರಿಕೊಂಡರು. ಬಸ್ಸೀನಿಯವರ ಹೊಟ್ಟೆಯ ಕೆಳಭಾಗದ ಬಲಬದಿಗೆ, ತೊಡೆಸಂದಿನ ಸಮೀಪದಲ್ಲಿ, ಬಯೋನೆಟ್ ಇರಿತವಾಯಿತು. ಗಾಯಗೊಂಡ ಸ್ಥಿತಿಯಲ್ಲಿಯೇ ಅವರು ಸೆರೆಯಾದರು.

ಇರಿತವು ಹೊಟ್ಟೆಯ ಗೋಡೆಯನ್ನು ದಾಟಿ ದೊಡ್ಡ ಕರುಳಿನ ಆರಂಭದ ಭಾಗವನ್ನು ತಲುಪಿತ್ತು. ಪರಿಣಾಮವಾಗಿ ಕರುಳಿನಿಂದ ಚರ್ಮದವರೆಗೆ ಒಂದು ನಾಳಹುಣ್ಣು ಉಂಟಾಗಿ, ಮಲವು ಗಾಯದ ಮೂಲಕವೇ ಹೊರಬರತೊಡಗಿತು. ಪ್ರತಿಜೀವಕಗಳಾಗಲಿ ಸುರಕ್ಷಿತವಾದ ಉದರ ಶಸ್ತ್ರಚಿಕಿತ್ಸೆಯಾಗಲಿ ಇಲ್ಲದ ಆ ಕಾಲದಲ್ಲಿ ಇಂತಹ ಗಾಯಗಳು ಸಾಮಾನ್ಯವಾಗಿ ಮಾರಣಾಂತಿಕವಾಗಿದ್ದವು. ಅವರು ಕೆಲವು ತಿಂಗಳುಗಳ ಕಾಲ ರೋಮ್‌ನಲ್ಲಿ ಸೆರೆಯಾಳಾಗಿಯೇ ಆಸ್ಪತ್ರೆಯಲ್ಲಿದ್ದು, ಬಿಡುಗಡೆಯ ನಂತರ ಪಾವಿಯಾಕ್ಕೆ ಮರಳಿದರು. ಅಲ್ಲಿ ಅವರ ಗುರುಗಳಾದ ಶಸ್ತ್ರವೈದ್ಯ ಲುಯಿಜಿ ಪೋರ್ತಾ ಚಿಕಿತ್ಸೆ ಮುಂದುವರಿಸಿದರು. ನಾಳಹುಣ್ಣು ಕ್ರಮೇಣ ವಾಸಿಯಾಯಿತು.

ಮುಂದೆ ಅವರ ಹೆಸರನ್ನು ಉಳಿಸಿದ ಶಸ್ತ್ರಚಿಕಿತ್ಸೆಯು ದೇಹದ ಇದೇ ಭಾಗಕ್ಕೆ ಸಂಬಂಧಿಸಿದ್ದೆಂಬುದನ್ನು ಅವರ ಜೀವನಚರಿತ್ರಕಾರರು ಗಮನಿಸಿದ್ದಾರೆ.

ಯುರೋಪಿನಲ್ಲಿ ಉನ್ನತ ತರಬೇತಿ

ಗುಣಮುಖರಾದ ಬಸ್ಸೀನಿಯವರು ಪೋರ್ತಾ ಅವರ ಸಹಾಯಕರಾಗಿ ಕೆಲಸ ಆರಂಭಿಸಿದರು. ನಂತರ ಯುರೋಪಿನ ಪ್ರಮುಖ ಶಸ್ತ್ರಚಿಕಿತ್ಸಾ ಕೇಂದ್ರಗಳಿಗೆ ತೆರಳಿದರು. ವಿಯೆನ್ನಾದಲ್ಲಿ ಥಿಯೋಡೋರ್ ಬಿಲ್‌ರೋಥ್, ಬರ್ಲಿನ್‌ನಲ್ಲಿ ಬೆರ್ನ್‌ಹಾರ್ಡ್ ಫಾನ್ ಲಾಂಗೆನ್‌ಬೆಕ್, ಮ್ಯೂನಿಕ್‌ನಲ್ಲಿ ನುಸ್‌ಬೌಮ್ ಅವರ ಕೆಲಸವನ್ನು ಹತ್ತಿರದಿಂದ ನೋಡಿದರು. ಬ್ರಿಟನ್ನಿನಲ್ಲಿ ಜೋಸೆಫ್ ಲಿಸ್ಟರ್ ಅವರಿಂದ ಕಾರ್ಬಾಲಿಕ್ ಆಮ್ಲವನ್ನು ಬಳಸಿ ಗಾಯವನ್ನು ಸೋಂಕಿನಿಂದ ಕಾಪಾಡುವ ವಿಧಾನವನ್ನು ಕಲಿತರು. ಈ ಪೂತಿನಾಶಕ ಪದ್ಧತಿಯನ್ನು ಇಟಲಿಯಲ್ಲಿ ಮೊದಲಿಗೆ ಅಳವಡಿಸಿಕೊಂಡ ಶಸ್ತ್ರವೈದ್ಯರಲ್ಲಿ ಬಸ್ಸೀನಿಯವರೂ ಒಬ್ಬರು. ಅವರ ನಂತರದ ಯಶಸ್ಸಿಗೆ ಇದು ಅಡಿಪಾಯವಾಯಿತು. ಕೀವಾದ ಗಾಯದಲ್ಲಿ ಯಾವ ಹೊಲಿಗೆಯೂ ನಿಲ್ಲುವಂತಿರಲಿಲ್ಲ.

1878ರಲ್ಲಿ ಅವರು ಬಂದರು ನಗರವಾದ ಲಾ ಸ್ಪೆಜಿಯಾದ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದರು. 1882ರಲ್ಲಿ ಪಾದುವಾ ವಿಶ್ವವಿದ್ಯಾಲಯಕ್ಕೆ ಬಂದರು. 1888ರಲ್ಲಿ ಅಲ್ಲಿನ ಶಸ್ತ್ರಚಿಕಿತ್ಸಾ ಪೀಠಕ್ಕೆ ನೇಮಕಗೊಂಡು, 1919ರವರೆಗೆ ಆ ಸ್ಥಾನದಲ್ಲಿದ್ದರು.

ಹರ್ನಿಯಾ: ಹಿನ್ನೆಲೆ

ಹೊಟ್ಟೆಯ ಗೋಡೆಯ ದುರ್ಬಲ ಭಾಗದ ಮೂಲಕ ಕರುಳು ಅಥವಾ ಕೊಬ್ಬಿನ ಪೊರೆಯು ಹೊರಚಾಚುವುದನ್ನು ಹರ್ನಿಯಾ ಎನ್ನುತ್ತಾರೆ. ಗಂಡಸರಲ್ಲಿ ವೃಷಣರಜ್ಜು ಹಾದುಹೋಗುವ ತೊಡೆಸಂದಿನ ಕಾಲುವೆಯು ಸಹಜವಾಗಿಯೇ ದುರ್ಬಲವಾದ ಸ್ಥಳ. ಭಾರ ಎತ್ತುವಾಗ, ಕೆಮ್ಮುವಾಗ ಅಥವಾ ಮುಕ್ಕುವಾಗ ಉಬ್ಬು ಕಾಣಿಸಿಕೊಂಡು, ಮಲಗಿದಾಗ ಒಳಸರಿಯುತ್ತದೆ. ಹೊರಬಂದ ಕರುಳು ಸಿಕ್ಕಿಹಾಕಿಕೊಂಡು ಅದರ ರಕ್ತಸಂಚಾರ ನಿಂತರೆ ಪ್ರಾಣಾಪಾಯ ಉಂಟಾಗುತ್ತದೆ.

ಬಸ್ಸೀನಿಯವರ ಕಾಲದ ರೋಗಿಗೆ ಎರಡು ದಾರಿಗಳಿದ್ದವು. ಒಂದು, ಜೀವನಪೂರ್ತಿ ಸೊಂಟಕ್ಕೆ ಟ್ರಸ್ ಎಂಬ ಬಿಗಿ ಪಟ್ಟಿಯನ್ನು ಕಟ್ಟಿಕೊಳ್ಳುವುದು. ಇನ್ನೊಂದು, ಶಸ್ತ್ರಚಿಕಿತ್ಸೆ. ಆದರೆ ಅಂದಿನ ಶಸ್ತ್ರಚಿಕಿತ್ಸೆಯಲ್ಲಿ ಹರ್ನಿಯಾದ ಚೀಲವನ್ನು ಕಟ್ಟಿ, ಹೊರಗಿನ ದ್ವಾರವನ್ನು ಕಿರಿದಾಗಿಸಿ ಹೊಲಿಯುತ್ತಿದ್ದರು. ಅಥವಾ ಗಾಯವನ್ನು ತೆರೆದೇ ಬಿಟ್ಟು ಗಡಸು ಕಲೆ ಬೆಳೆಯಲೆಂದು ಕಾಯುತ್ತಿದ್ದರು. ಕಾಲುವೆಯ ಹಿಂಗೋಡೆಯ ದೌರ್ಬಲ್ಯ ಹಾಗೆಯೇ ಉಳಿಯುತ್ತಿತ್ತು. ಆದ್ದರಿಂದ ಶಸ್ತ್ರಚಿಕಿತ್ಸೆಯ ನಂತರವೂ ರೋಗಿಗೆ ಟ್ರಸ್ ತಪ್ಪುತ್ತಿರಲಿಲ್ಲ. ದೇಹಶ್ರಮದಿಂದಲೇ ಬದುಕುವ ರೈತ, ಕೂಲಿಕಾರ ಮತ್ತು ಹಮಾಲರಿಗೆ ಇದು ದುಡಿಮೆಯ ಪ್ರಶ್ನೆಯೇ ಆಗಿತ್ತು.

ಬಸ್ಸೀನಿ ವಿಧಾನ

ಬಸ್ಸೀನಿಯವರು ಹರ್ನಿಯಾವನ್ನು ಕೇವಲ ಮುಚ್ಚಬೇಕಾದ ತೂತೆಂದು ಭಾವಿಸಲಿಲ್ಲ. ತೊಡೆಸಂದಿನ ಕಾಲುವೆಗೆ ಮುಂಗೋಡೆ, ಹಿಂಗೋಡೆ ಮತ್ತು ಓರೆಯಾದ ಹಾದಿಯಿದೆ. ಹೊಟ್ಟೆಯ ಒತ್ತಡ ಹೆಚ್ಚಿದಾಗ ಈ ಓರೆ ಹಾದಿಯು ಕವಾಟದಂತೆ ಮುಚ್ಚಿಕೊಳ್ಳುತ್ತದೆ. ಆ ರಚನೆಯನ್ನು ಮತ್ತೆ ಕಟ್ಟಿಕೊಡುವುದೇ ಚಿಕಿತ್ಸೆಯ ಗುರಿಯಾಗಬೇಕೆಂದು ಅವರು ನಿರ್ಧರಿಸಿದರು. ಈ ವಿಧಾನದ ಮೊದಲ ಶಸ್ತ್ರಚಿಕಿತ್ಸೆಯನ್ನು 1884ರ ಡಿಸೆಂಬರ್‌ನಲ್ಲಿ ನಡೆಸಿದರು. ಅದರ ಹಂತಗಳು ಹೀಗಿವೆ:

1. ಹೊಟ್ಟೆಯ ಹೊರಗಿನ ಓರೆ ಸ್ನಾಯುವಿನ ಪೊರೆಯನ್ನು ಸೀಳಿ ಕಾಲುವೆಯನ್ನು ಪೂರ್ಣವಾಗಿ ತೆರೆಯುವುದು.

2. ವೃಷಣರಜ್ಜುವನ್ನು ಬಿಡಿಸಿ ಎತ್ತಿ, ಹರ್ನಿಯಾದ ಚೀಲವನ್ನು ಅದರಿಂದ ಬೇರ್ಪಡಿಸುವುದು.

3. ಚೀಲವನ್ನು ಅದರ ಬುಡದಲ್ಲಿ, ಹೊಟ್ಟೆಯೊಳಗಿನ ಮಟ್ಟದಲ್ಲಿ ಕಟ್ಟಿ ಕತ್ತರಿಸುವುದು.

4. ಕಾಲುವೆಯ ಹಿಂಗೋಡೆಯಾದ ಟ್ರಾನ್ಸ್‌ವರ್ಸಾಲಿಸ್ ಪೊರೆಯನ್ನು ಉದ್ದಕ್ಕೂ ತೆರೆಯುವುದು.

5. ಒಳಗಿನ ಓರೆ ಸ್ನಾಯು, ಅಡ್ಡ ಸ್ನಾಯು ಮತ್ತು ಟ್ರಾನ್ಸ್‌ವರ್ಸಾಲಿಸ್ ಪೊರೆ ಈ ಮೂರು ಪದರಗಳನ್ನು ಒಟ್ಟಾಗಿ ಹಿಡಿದು, ಕೆಳಗಿನ ಇಂಗ್ವಿನಲ್ ಅಸ್ಥಿಬಂಧಕ್ಕೆ ರೇಷ್ಮೆದಾರದಿಂದ ಬಿಡಿಬಿಡಿಯಾಗಿ ಹೊಲಿಯುವುದು. ಇದರಿಂದ ಹೊಸ ಹಿಂಗೋಡೆ ಸಿದ್ಧವಾಗುತ್ತದೆ.

6. ವೃಷಣರಜ್ಜುವನ್ನು ಈ ಹೊಸ ಗೋಡೆಯ ಮೇಲಿರಿಸಿ, ಹೊರಗಿನ ಸ್ನಾಯುಪೊರೆಯನ್ನು ಅದರ ಮುಂದೆ ಹೊಲಿದು ಮುಂಗೋಡೆಯನ್ನು ಮುಚ್ಚುವುದು.

ಫಲಿತಾಂಶಗಳ ಪ್ರಕಟಣೆ

1887ರಲ್ಲಿ ಜಿನೋವಾದಲ್ಲಿ ನಡೆದ ಇಟಲಿಯ ಶಸ್ತ್ರವೈದ್ಯರ ಸಭೆಯಲ್ಲಿ ಬಸ್ಸೀನಿಯವರು ತಮ್ಮ ವಿಧಾನವನ್ನು ಮಂಡಿಸಿದರು. 1889ರಲ್ಲಿ ಪಾದುವಾದಲ್ಲಿ ಅದರ ಬಗ್ಗೆ ಇಟಾಲಿಯನ್ ಭಾಷೆಯ ಗ್ರಂಥ ಪ್ರಕಟವಾಯಿತು. ಆದರೆ ಇಟಲಿಯ ಹೊರಗೆ ಅದು ಪ್ರಚಾರಕ್ಕೆ ಬಂದದ್ದು 1890ರಲ್ಲಿ ಜರ್ಮನ್ ಭಾಷೆಯ ಪ್ರಬಂಧವೊಂದು ಲಾಂಗೆನ್‌ಬೆಕ್ ಸ್ಥಾಪಿಸಿದ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಅಚ್ಚಾದ ಮೇಲೆ.

ಆ ಪ್ರಬಂಧದಲ್ಲಿ 262 ಶಸ್ತ್ರಚಿಕಿತ್ಸೆಗಳ ವಿವರವಿದೆ. ಬಹುತೇಕ ಎಲ್ಲ ರೋಗಿಗಳನ್ನೂ ಮತ್ತೆ ಪರೀಕ್ಷಿಸಲಾಗಿತ್ತು; ಕೆಲವರನ್ನು ನಾಲ್ಕೂವರೆ ವರ್ಷಗಳವರೆಗೆ ಗಮನಿಸಲಾಗಿತ್ತು. ಹರ್ನಿಯಾ ಮರುಕಳಿಸಿದ್ದು ಏಳು ಮಂದಿಯಲ್ಲಿ. ಸಾವುಗಳನ್ನೂ ಗಾಯದ ಸೋಂಕುಗಳನ್ನೂ ಅವರು ಲೆಕ್ಕದಲ್ಲಿ ಸೇರಿಸಿದ್ದರು. ಆಸ್ಪತ್ರೆಯಿಂದ ನಡೆದುಹೋದ ರೋಗಿಯನ್ನು ಗುಣವಾದವನೆಂದು ಬರೆದುಕೊಳ್ಳುತ್ತಿದ್ದ ಕಾಲದಲ್ಲಿ ಈ ಕ್ರಮವು ಹೊಸದಾಗಿತ್ತು.

ಇದೇ ಅವಧಿಯಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಸ್ವತಂತ್ರವಾಗಿ ಇಂತಹದೇ ವಿಧಾನವೊಂದನ್ನು ರೂಪಿಸಿ 1889ರಲ್ಲಿ ಪ್ರಕಟಿಸಿದರು.

ಇತರ ಕಾರ್ಯಗಳು

ಸ್ಥಾನದಿಂದ ಜಾರಿದ ಮೂತ್ರಪಿಂಡವನ್ನು ಶಸ್ತ್ರಚಿಕಿತ್ಸೆಯ ಮೂಲಕ ಸ್ಥಿರಗೊಳಿಸಿದ ಪ್ರಕರಣವೊಂದನ್ನು ಬಸ್ಸೀನಿಯವರು 1882ರಲ್ಲಿ ಪ್ರಕಟಿಸಿದ್ದರು. ತೊಡೆಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುವ, ಹೆಂಗಸರಲ್ಲಿ ಹೆಚ್ಚಾಗಿ ಕಂಡುಬರುವ ಫೆಮೊರಲ್ ಹರ್ನಿಯಾಕ್ಕೆ ತಾವು ರೂಪಿಸಿದ ವಿಧಾನವನ್ನು 1893ರಲ್ಲಿ ಪ್ರಕಟಿಸಿದರು. 1904ರಲ್ಲಿ ಅವರನ್ನು ಇಟಲಿ ಸಾಮ್ರಾಜ್ಯದ ಸೆನೆಟ್ ಸದಸ್ಯರನ್ನಾಗಿ ನೇಮಿಸಲಾಯಿತು. ಯೌವನದಲ್ಲಿ ಯಾವ ರಾಷ್ಟ್ರದ ಏಕೀಕರಣಕ್ಕಾಗಿ ಗಾಯಗೊಂಡಿದ್ದರೋ ಅದರ ಶಾಸನಸಭೆಯಲ್ಲಿ ಅವರು ಹೀಗೆ ಸ್ಥಾನ ಪಡೆದರು.

ವಿಧಾನದ ವಿರೂಪ ಮತ್ತು ಪುನಃಸ್ಥಾಪನೆ

ಬಸ್ಸೀನಿ ವಿಧಾನವು ಜಗತ್ತಿನಾದ್ಯಂತ ಹರಡಿದಂತೆ ಅದರ ಹಂತಗಳು ಸವೆಯತೊಡಗಿದವು. ಅನೇಕ ಶಸ್ತ್ರವೈದ್ಯರು ಟ್ರಾನ್ಸ್‌ವರ್ಸಾಲಿಸ್ ಪೊರೆಯನ್ನು ತೆರೆಯುವ ಹಂತವನ್ನೇ ಬಿಟ್ಟುಬಿಟ್ಟರು. ಮೂರು ಪದರಗಳ ಬದಲು ಮೇಲೆ ಕಾಣುವ ಸ್ನಾಯುವನ್ನಷ್ಟೇ ಅಸ್ಥಿಬಂಧಕ್ಕೆ ಎಳೆದು ಹೊಲಿದರು. ಹೀಗೆ ಎಳೆದ ಸ್ನಾಯು ಕ್ರಮೇಣ ಹರಿದು ಹೊಲಿಗೆ ಬಿಡುತ್ತಿತ್ತು. ಪರಿಣಾಮವಾಗಿ ಬಸ್ಸೀನಿಯವರ ಹೆಸರಿನಲ್ಲಿ ನಡೆದ ಶಸ್ತ್ರಚಿಕಿತ್ಸೆಗಳಲ್ಲಿಯೇ ಮರುಕಳಿಕೆ ಹೆಚ್ಚಿತು.

ಮೂಲ ವಿಧಾನವನ್ನು ಉಳಿಸಲು ಅವರ ಶಿಷ್ಯ ಅತ್ತೀಲಿಯೊ ಕತ್ತೆರೀನಾ ಶ್ರಮಿಸಿದರು. ಅವರು ಸಿದ್ಧಪಡಿಸಿದ ಸಚಿತ್ರ ಗ್ರಂಥಕ್ಕೆ ವೈದ್ಯರೂ ಚಿತ್ರಕಾರರೂ ಆಗಿದ್ದ ಒರಾಜಿಯೊ ಗೈಗರ್ ವರ್ಣಚಿತ್ರಗಳನ್ನು ಬರೆದರು. 1930ರ ದಶಕದಲ್ಲಿ ಪ್ರಕಟವಾದ ಈ ಗ್ರಂಥದ ಇಂಗ್ಲಿಷ್ ಆವೃತ್ತಿ 1934ರಲ್ಲಿ ಹೊರಬಂದಿತು. ಕೆನಡಾದ ಎಡ್ವರ್ಡ್ ಶೌಲ್ಡೈಸ್ ಹಿಂಗೋಡೆಯನ್ನು ತೆರೆದು ಹಲವು ಪದರಗಳಲ್ಲಿ ಹೊಲಿಯುವ ವಿಧಾನವನ್ನು ಬೆಳೆಸಿ, 1945ರಲ್ಲಿ ಟೊರಾಂಟೊದಲ್ಲಿ ಹರ್ನಿಯಾಕ್ಕೆಂದೇ ಆಸ್ಪತ್ರೆ ಆರಂಭಿಸಿದರು. ಅದು ಮೂಲ ಬಸ್ಸೀನಿ ತತ್ತ್ವದ ಮುಂದುವರಿಕೆಯೆಂದು ಪರಿಗಣಿತವಾಗಿದೆ.

ನಿಧನ

1919ರಲ್ಲಿ ನಿವೃತ್ತರಾದ ಬಸ್ಸೀನಿಯವರು 19 ಜುಲೈ 1924ರಂದು, ತಮ್ಮ 80ನೆಯ ವಯಸ್ಸಿನಲ್ಲಿ, ವೆರೋನಾ ಸಮೀಪದ ವಿಗಾಸಿಯೊದಲ್ಲಿ ನಿಧನರಾದರು.

ಹೊಲಿಗೆಯಿಂದ ಮೆಶ್‌ನತ್ತ

ಬಸ್ಸೀನಿ ವಿಧಾನವು ರೋಗಿಯ ಸ್ವಂತ ಅಂಗಾಂಶವನ್ನೇ ಬಳಸುತ್ತದೆ. ಅಂಗಾಂಶವೇ ದುರ್ಬಲವಾಗಿದ್ದರೆ ಅಥವಾ ತೂತು ದೊಡ್ಡದಾಗಿದ್ದರೆ ಅಂಚುಗಳನ್ನು ಎಳೆದು ಸೇರಿಸಬೇಕಾಗುತ್ತದೆ. ಆ ಎಳೆತವೇ ಸೋಲಿಗೆ ಕಾರಣವಾಗುತ್ತದೆ. ಸ್ನಾಯುರಜ್ಜುವಿನಷ್ಟು ಗಟ್ಟಿಯಾದ ಕೃತಕ ಅಂಗಾಂಶ ದೊರೆತರೆ ಹರ್ನಿಯಾದ ಸಮಸ್ಯೆ ಬಗೆಹರಿಯುತ್ತದೆಂಬ ಅಭಿಪ್ರಾಯವನ್ನು ಬಸ್ಸೀನಿಯವರು ವಿಯೆನ್ನಾದಲ್ಲಿ ಕಂಡಿದ್ದ ಬಿಲ್‌ರೋಥ್ ಹೊಂದಿದ್ದರು.

ಈ ಮಿತಿಯು ಇನ್ಸಿಶನಲ್ ಹರ್ನಿಯಾದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಹಿಂದಿನ ಶಸ್ತ್ರಚಿಕಿತ್ಸೆಯ ಗಾಯವು ಒಳಗಿನಿಂದ ಸರಿಯಾಗಿ ಕೂಡಿಕೊಳ್ಳದೆ ಅದೇ ಕಲೆಯ ಜಾಗದಲ್ಲಿ ಉಂಟಾಗುವ ಹರ್ನಿಯಾ ಇದು. ಗಾಯದ ಸೋಂಕು, ಬೊಜ್ಜು, ಧೂಮಪಾನ, ಮಧುಮೇಹ ಮತ್ತು ದೀರ್ಘಕಾಲದ ಕೆಮ್ಮು ಇದರ ಸಾಧ್ಯತೆಯನ್ನು ಹೆಚ್ಚಿಸುತ್ತವೆ. 19ನೆಯ ಶತಮಾನದ ಕೊನೆಯಿಂದ ಬೆಳ್ಳಿತಂತಿಯ ಜಾಲರಿಗಳನ್ನೂ 1940ರ ದಶಕದಲ್ಲಿ ಟ್ಯಾಂಟಲಮ್ ಲೋಹದ ಜಾಲರಿಗಳನ್ನೂ ಹರ್ನಿಯಾದ ದುರಸ್ತಿಗೆ ಬಳಸಿ ನೋಡಲಾಯಿತು. ಲೋಹವು ಕಾಲಕ್ರಮದಲ್ಲಿ ತುಂಡಾಗುತ್ತಿತ್ತು. 1958ರಿಂದ ಅಮೆರಿಕದ ಫ್ರಾನ್ಸಿಸ್ ಅಷರ್ ಪ್ಲಾಸ್ಟಿಕ್ ನೂಲಿನ ಮೆಶ್‌ಗಳ ಬಗ್ಗೆ ಪ್ರಬಂಧಗಳನ್ನು ಪ್ರಕಟಿಸಿದರು. ಮುಂದೆ ಹೆಣೆದ ಪಾಲಿಪ್ರೊಪಿಲೀನ್ ಮೆಶ್ ಬಳಕೆಗೆ ಬಂದಿತು. 1980ರ ದಶಕದಲ್ಲಿ ಇರ್ವಿಂಗ್ ಲಿಕ್ಟೆನ್‌ಸ್ಟೈನ್ ತೊಡೆಸಂದಿನ ಹರ್ನಿಯಾಕ್ಕೂ ಎಳೆತವಿಲ್ಲದ ಮೆಶ್ ದುರಸ್ತಿಯನ್ನು ಜನಪ್ರಿಯಗೊಳಿಸಿದರು. ಫ್ರಾನ್ಸಿನ ರೀವ್ ಮತ್ತು ಸ್ಟೊಪ್ಪಾ ಮೆಶ್ಅನ್ನು ಸ್ನಾಯುವಿನ ಹಿಂದೆ, ಉದರಪೊರೆಯ ಮುಂದೆ ಹರಡುವ ವಿಧಾನವನ್ನು ಬೆಳೆಸಿದರು.

ಮೆಶ್‌ಗಳ ಹೋಲಿಕೆ

ಬಸ್ಸೀನಿಯವರು ಕೇಳಿದ್ದ ಪ್ರಶ್ನೆಯನ್ನು, ಅಂದರೆ ಎಷ್ಟು ವರ್ಷಗಳ ನಂತರ ಎಷ್ಟು ಮಂದಿಯಲ್ಲಿ ಹರ್ನಿಯಾ ಮರುಕಳಿಸಿತು ಎಂಬುದನ್ನು, ಈಗ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಹಂಚಿ ಪರೀಕ್ಷಿಸಲಾಗುತ್ತದೆ. ಮುಖ್ಯ ಫಲಿತಾಂಶಗಳು ಹೀಗಿವೆ.

ಹೊಲಿಗೆ ಮತ್ತು ಮೆಶ್: ನೆದರ್‌ಲೆಂಡ್ಸ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ವರ್ಷಗಳ ನಂತರ ಇನ್ಸಿಶನಲ್ ಹರ್ನಿಯಾ ಮರುಕಳಿಸಿದ ಪ್ರಮಾಣವು ಕೇವಲ ಹೊಲಿಗೆ ಹಾಕಿದವರಲ್ಲಿ ಶೇಕಡಾ 43, ಮೆಶ್ ಇರಿಸಿದವರಲ್ಲಿ ಶೇಕಡಾ 24. ಹತ್ತು ವರ್ಷಗಳ ಲೆಕ್ಕ 2004ರಲ್ಲಿ ಬಂದಾಗ ಅದು ಕ್ರಮವಾಗಿ ಶೇಕಡಾ 63 ಮತ್ತು 32 ಆಗಿತ್ತು. ಮೆಶ್ ಉತ್ತಮವೆಂಬುದನ್ನೂ, ಮೆಶ್ ಇದ್ದರೂ ಅಪಾಯ ಪೂರ್ಣವಾಗಿ ಇಲ್ಲವಾಗುವುದಿಲ್ಲವೆಂಬುದನ್ನೂ ಈ ಅಂಕಿಗಳು ತೋರಿಸುತ್ತವೆ.

ಭಾರ ಮತ್ತು ಹಗುರ ಮೆಶ್: ಹಗುರವಾದ, ದೊಡ್ಡ ರಂಧ್ರಗಳ ಮೆಶ್ ಹೊಟ್ಟೆಯ ಗೋಡೆಯನ್ನು ಕಡಿಮೆ ಬಿಗಿಯಾಗಿಸುತ್ತದೆ, ರಂಧ್ರಗಳ ನಡುವೆ ಅಂಗಾಂಶ ಚೆನ್ನಾಗಿ ಬೆಳೆಯುತ್ತದೆ. ಆದರೆ ಯುರೋಪಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹಗುರ ಮೆಶ್ ಇರಿಸಿದವರಲ್ಲಿ ಶೇಕಡಾ 17 ಮತ್ತು ಸಾಮಾನ್ಯ ಮೆಶ್ ಇರಿಸಿದವರಲ್ಲಿ ಶೇಕಡಾ 7 ಮರುಕಳಿಕೆ ಕಂಡುಬಂದಿತು. ಈ ವ್ಯತ್ಯಾಸವು ಆಕಸ್ಮಿಕವಲ್ಲವೆಂದು ಹೇಳಲು ಬೇಕಾದ ಗಡಿಯ ಅಂಚಿನಲ್ಲಿತ್ತು.

ಕೃತಕ ಮತ್ತು ಜೈವಿಕ ಮೆಶ್: ಸೋಂಕಿನ ಸಾಧ್ಯತೆಯಿರುವ ಗಾಯಗಳಿಗೆ ಪ್ರಾಣಿಗಳ ಅಂಗಾಂಶದಿಂದ ತಯಾರಿಸಿದ ದುಬಾರಿ ಜೈವಿಕ ಮೆಶ್ ಉತ್ತಮವೆಂಬ ನಂಬಿಕೆಯಿತ್ತು. ಅಮೆರಿಕದಲ್ಲಿ 253 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷಗಳ ನಂತರದ ಮರುಕಳಿಕೆ ಜೈವಿಕ ಮೆಶ್‌ನಲ್ಲಿ ಶೇಕಡಾ 20.5, ಪಾಲಿಪ್ರೊಪಿಲೀನ್ ಮೆಶ್‌ನಲ್ಲಿ ಶೇಕಡಾ 5.6 ಆಗಿತ್ತು.

ಇರಿಸುವ ಸ್ಥಳ: ಪಾಲಿಪ್ರೊಪಿಲೀನ್ ಮೆಶ್ ನೇರವಾಗಿ ಕರುಳಿಗೆ ತಾಗಿದರೆ ಅಂಟಿಕೊಂಡು ತೊಡಕು ಉಂಟುಮಾಡಬಹುದು. ಹಾಗಾಗಿ ಅದನ್ನು ಸ್ನಾಯುವಿನ ಹಿಂದೆ ಆದರೆ ಉದರಪೊರೆಯ ಹೊರಗೆ ಇರಿಸುವುದು ರೂಢಿ. ಹೊಟ್ಟೆಯೊಳಗೇ ಇರಿಸಬೇಕಾದಾಗ ಕರುಳಿನ ಕಡೆಗೆ ಅಂಟದ ಲೇಪವಿರುವ ಮೆಶ್ ಬಳಸುತ್ತಾರೆ.

ಭಾರತ ಮತ್ತು ಕರ್ನಾಟಕದ ಸಂದರ್ಭ

ಬಸ್ಸೀನಿಯವರು ನಿಧನರಾದ 1924ರಲ್ಲಿಯೇ ಮೈಸೂರು ವೈದ್ಯಕೀಯ ಕಾಲೇಜು ಆರಂಭವಾಯಿತು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಪ್ರದೇಶವು 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಅದು ಮುಂದೆ ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಎಂಬ ಹೆಸರು ಪಡೆದಿತ್ತು. ಕಂಪ್ಲಿಯ ಭತ್ತದ ಗದ್ದೆಗಳು ಮತ್ತು ಅಕ್ಕಿ ಗಿರಣಿಗಳು, ಸಂಡೂರಿನ ಅದಿರು ಗಣಿಗಳು, ಹೊಸಪೇಟೆಯ ಸರಕು ಸಾಗಣೆ ಇವೆಲ್ಲವೂ ಭಾರ ಹೊರುವ ದುಡಿಮೆಯನ್ನು ಅವಲಂಬಿಸಿದ್ದವು. ಇಂತಹ ಪ್ರದೇಶಗಳಲ್ಲಿ ಹರ್ನಿಯಾದ ದುರಸ್ತಿ ಎಷ್ಟು ವರ್ಷ ಬಾಳುತ್ತದೆಂಬುದು ಕುಟುಂಬದ ಆದಾಯಕ್ಕೂ ಸಂಬಂಧಿಸಿದ ವಿಷಯ.

ಮೆಶ್‌ನ ಬೆಲೆಯು ಗ್ರಾಮೀಣ ರೋಗಿಗಳಿಗೆ ದೊಡ್ಡ ಅಡಚಣೆಯಾಗಿತ್ತು. ಮಹಾರಾಷ್ಟ್ರದ ದೊಂಡಾಯಿಚಾದ ಶಸ್ತ್ರವೈದ್ಯ ರವೀಂದ್ರನಾಥ ಟೋಂಗಾಂವ್ಕರ್ ಮತ್ತು ಸಂಗಡಿಗರು ಸೊಳ್ಳೆಪರದೆಯ ಬಟ್ಟೆಯನ್ನು ಕ್ರಿಮಿಶುದ್ಧಗೊಳಿಸಿ ಮೆಶ್‌ನಂತೆ ಬಳಸಿದ ಅನುಭವವನ್ನು 2003ರಲ್ಲಿ ಪ್ರಕಟಿಸಿದರು. 2016ರಲ್ಲಿ ಪ್ರಕಟವಾದ ಉಗಾಂಡಾದ ಅಧ್ಯಯನದಲ್ಲಿ, ತೊಡೆಸಂದಿನ ಹರ್ನಿಯಾವಿದ್ದ 302 ಗಂಡಸರಲ್ಲಿ ಅಗ್ಗದ ಸೊಳ್ಳೆಪರದೆ ಮೆಶ್ ಮತ್ತು ಮಾರುಕಟ್ಟೆಯ ಮೆಶ್‌ಗಳ ಫಲಿತಾಂಶಗಳು ಒಂದು ವರ್ಷದ ನಂತರ ಬಹುತೇಕ ಸಮನಾಗಿದ್ದವು. ಇದು ತೊಡೆಸಂದಿನ ಹರ್ನಿಯಾಕ್ಕೆ ಸಂಬಂಧಿಸಿದ ಫಲಿತಾಂಶ. ದೊಡ್ಡ ಇನ್ಸಿಶನಲ್ ಹರ್ನಿಯಾಗಳಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು.

ಪರಂಪರೆ

ತೊಡೆಸಂದಿನ ಹರ್ನಿಯಾಕ್ಕೆ ಮೆಶ್ ದುರಸ್ತಿಯು ವ್ಯಾಪಕವಾಗಿರುವ ಇಂದಿನ ದಿನಗಳಲ್ಲಿಯೂ ಬಸ್ಸೀನಿ ವಿಧಾನವನ್ನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಬೋಧಿಸಲಾಗುತ್ತದೆ. ಕರುಳು ಕೊಳೆತು ಸೋಂಕು ಹರಡಿರುವ ತುರ್ತು ಸಂದರ್ಭಗಳಲ್ಲಿ, ಮೆಶ್ ಇರಿಸುವುದು ಸೂಕ್ತವಲ್ಲವೆನಿಸಿದಾಗ, ಅಂಗಾಂಶವನ್ನೇ ಹೊಲಿಯುವ ವಿಧಾನಗಳು ಈಗಲೂ ಉಪಯುಕ್ತವಾಗಿವೆ. ಇಟಲಿಯ ಮಿಲಾನ್ ಸಮೀಪದ ಚಿನಿಜೆಲ್ಲೊ ಬಾಲ್ಸಮೊದಲ್ಲಿರುವ ಆಸ್ಪತ್ರೆಯು ಬಸ್ಸೀನಿಯವರ ಹೆಸರನ್ನು ಹೊಂದಿದೆ.